ಸಂಶೋಧನೆಯ ನಿರ್ಣಯವೂ ಸರಕಾರದ ನಿರ್ಧಾರವೂ: ಗೇರುಗುಡ್ಡಗಳ ಎಂಡೋಸಲ್ಫಾನ್ ಪ್ರಕರಣವನ್ನು ಕುರಿತು

ವೈದ್ಯಕೀಯ ಸಂಶೋಧನೆಯಿಂದ ದೊರೆತ ಜ್ಞಾನವು ಸಾರ್ವಜನಿಕ ಆರೋಗ್ಯದ ನೀತಿಯಾಗಿ ಪರಿಣಮಿಸುವ ಬಗೆಯನ್ನು ನಮ್ಮ ಪಠ್ಯಗ್ರಂಥಗಳು ಸಾಮಾನ್ಯವಾಗಿ ಒಂದು ಏಣಿಯಂತೆ ಚಿತ್ರಿಸುತ್ತವೆ. ಮೊದಲು ರೋಗದ ಕಾರಣವು ನಿರ್ಣಯವಾಗಬೇಕು. ಅನಂತರ ಅದಕ್ಕೆ ತಕ್ಕ ಉಪಾಯವು ಸಿದ್ಧವಾಗಬೇಕು. ಕಟ್ಟಕಡೆಗೆ ಸರಕಾರವು ಆ ಉಪಾಯವನ್ನು ಜನರ ನಡುವೆ ಜಾರಿಗೆ ತರಬೇಕು. ಈ ಚಿತ್ರವು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಮೊದಲ ಮೆಟ್ಟಿಲು ಪೂರ್ತಿ ಗಟ್ಟಿಯಾಗುವ ತನಕ ಮೂರನೆಯದರ ಮೇಲೆ ಕಾಲಿಡಬಾರದೆಂಬ ಒಂದು ತಪ್ಪು ತಿಳಿವಳಿಕೆ ಅದರಿಂದ ಹುಟ್ಟುತ್ತದೆ. ಎಷ್ಟು ಸಾಕ್ಷ್ಯ ದೊರೆತರೆ ಸಾಕು ಎಂಬ ಪ್ರಶ್ನೆಗೆ ವಿಜ್ಞಾನದಲ್ಲಿ ಒಂದೇ ಉತ್ತರವಿಲ್ಲ. ಆ ಸಾಕ್ಷ್ಯವನ್ನು ಯಾವ ನಿರ್ಧಾರಕ್ಕಾಗಿ ಬೇಡುತ್ತಿದ್ದೇವೆ ಎಂಬುದನ್ನು ಅನುಸರಿಸಿ ಉತ್ತರವೂ ಬದಲಾಗುತ್ತದೆ. ದಕ್ಷಿಣ ಕನ್ನಡ ಮತ್ತು ಕಾಸರಗೋಡು ಜಿಲ್ಲೆಗಳ ಗೇರುಗುಡ್ಡಗಳಲ್ಲಿ ನಡೆದ ಎಂಡೋಸಲ್ಫಾನ್ ಪ್ರಕರಣವು ಈ ಮಾತಿಗೆ ಒಳ್ಳೆಯ ನಿದರ್ಶನವಾಗಿದೆ.

ಮೊದಲಿಗೆ ನೆಲದ ಸ್ವರೂಪವನ್ನು ಸ್ವಲ್ಪ ತಿಳಿಯುವುದು ಅವಶ್ಯ. ಪುತ್ತೂರಿನಿಂದ ಕಾಣಿಯೂರಿನ ಕಡೆಗೆ ಸಾಗುವ ಹಾದಿಯಲ್ಲಿ ಸವಣೂರು ಗ್ರಾಮವಿದೆ. ಹಿಂದೆ ಪುತ್ತೂರು ತಾಲ್ಲೂಕಿಗೆ ಸೇರಿದ್ದ ಈ ಗ್ರಾಮವು ಈಗ ಕಡಬ ತಾಲ್ಲೂಕಿನದು. ಸವಣೂರಿನಲ್ಲಿ ನಿಂತು ಸುತ್ತ ನೋಡಿದವರಿಗೆ ಇಡೀ ಪ್ರದೇಶದ ರಚನೆಯೇ ಕಣ್ಣಿಗೆ ಕಟ್ಟುತ್ತದೆ. ಮೇಲೆ ಮುರಕಲ್ಲಿನ ಗುಡ್ಡ, ಗುಡ್ಡದ ಮೈಯಲ್ಲಿ ಗೇರು ಇಲ್ಲವೆ ರಬ್ಬರು, ಕೆಳಗೆ ಅಡಕೆಯ ತೋಟ, ತೋಟದ ಅಂಚಿನಲ್ಲಿ ಮನೆ, ಅದರಾಚೆ ತೋಡು. ಕುಮಾರಧಾರೆಯನ್ನು ದಾಟಿದರೆ ಕೊಯ್ಲ. ಇನ್ನೂ ಉತ್ತರಕ್ಕೆ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳು. ದಕ್ಷಿಣಕ್ಕೆ ಕೇರಳದ ಗಡಿ ದಾಟಿದೊಡನೆ ಎಣ್ಮಕಜೆ ಪಂಚಾಯತಿನ ಪಡ್ರೆ. ಭಾಷೆಯೂ ಬೇಸಾಯವೂ ಗುಡ್ಡದ ಇಳಿಜಾರೂ ಎಲ್ಲೆಡೆಯಲ್ಲೂ ಹೆಚ್ಚುಕಡಮೆ ಒಂದೇ. ರಾಜ್ಯಗಳ ಗಡಿ ಮಾತ್ರ ಬೇರೆ. ಈ ಗಡಿಯಿಂದ ಆದ ಪರಿಣಾಮವನ್ನು ಮುಂದೆ ನೋಡೋಣ.

ಗೇರುಮರಕ್ಕೆ ‘ಟೀ ಸೊಳ್ಳೆ’ ಎಂಬ ಕೀಟದ ಕಾಟವಿದೆ. ಹೆಸರಿನಲ್ಲಿ ಸೊಳ್ಳೆಯೆಂದಿದ್ದರೂ ಇದು ಸೊಳ್ಳೆಯಲ್ಲ, ತಿಗಣೆಯ ವರ್ಗಕ್ಕೆ ಸೇರಿದ ರಸಹೀರುವ ಕೀಟ. ಮಳೆಗಾಲ ಕಳೆದು ಹೊಸ ಚಿಗುರೊಡೆದು ಹೂಗೊಂಚಲು ಮೂಡುವ ಹೊತ್ತಿಗೆ ಇದು ಎಳೆಯ ಭಾಗಗಳಿಂದ ರಸವನ್ನು ಹೀರುತ್ತದೆ. ಚಿಗುರೂ ಹೂವೂ ಕರಟಿ ಒಣಗುತ್ತವೆ. ಫಸಲು ಕೈಗೆ ಹತ್ತುವುದಿಲ್ಲ. ಇದನ್ನು ಹತೋಟಿಗೆ ತರಲು ಬಳಸಿದ ಔಷಧಗಳಲ್ಲಿ ಎಂಡೋಸಲ್ಫಾನ್ ಪ್ರಮುಖವಾದುದು. 1950ರ ದಶಕದಲ್ಲಿ ಬಳಕೆಗೆ ಬಂದ ಈ ರಾಸಾಯನಿಕವು ಕ್ಲೋರಿನ್‌ಯುಕ್ತ ಕೀಟನಾಶಕಗಳ ವರ್ಗಕ್ಕೆ ಸೇರಿದುದು. ನರಗಳ ಉದ್ರೇಕವನ್ನು ತಡೆದು ನಿಲ್ಲಿಸುವ ಕ್ರಿಯೆಯನ್ನೇ ಇದು ಕೆಡಿಸುವುದರಿಂದ ಕೀಟವು ಸೆಳವಿನಿಂದ ಸಾಯುತ್ತದೆ. ಮನುಷ್ಯನ ನರಮಂಡಲದಲ್ಲಿಯೂ ಅದೇ ಕ್ರಿಯೆಯಿದೆ ಎಂಬುದನ್ನು ನೆನಪಿನಲ್ಲಿಡಬೇಕು. ಇದು ಕೊಬ್ಬಿನಲ್ಲಿ ಕರಗುತ್ತದೆ. ಮಣ್ಣಿನಲ್ಲಿ ಇದರಿಂದ ಹುಟ್ಟುವ ಸಲ್ಫೇಟ್ ರೂಪವು ಮೂಲವಸ್ತುವಿಗಿಂತಲೂ ಹೆಚ್ಚು ಕಾಲ ಉಳಿಯುತ್ತದೆ.

ಕಾಸರಗೋಡಿನಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳು ಸುಮಾರು 4,600 ಹೆಕ್ಟೇರುಗಳಷ್ಟು ವಿಸ್ತಾರವಾಗಿದ್ದುವು. ಗುಡ್ಡಗಾಡಿನಲ್ಲಿ ಆಳುಗಳಿಂದ ಸಿಂಪಡಿಸುವುದು ಕಷ್ಟವಾದ್ದರಿಂದ 1970ರ ದಶಕದ ಉತ್ತರಾರ್ಧದಿಂದ 2000ದ ವರೆಗೆ ಅಲ್ಲಿ ಹೆಲಿಕಾಪ್ಟರಿನಿಂದ ಔಷಧವನ್ನು ಸುರಿಯಲಾಯಿತು. ಕರ್ನಾಟಕದಲ್ಲಿ ಗೇರು ಅಭಿವೃದ್ಧಿ ನಿಗಮದ ತೋಟಗಳಲ್ಲಿ, ವಿಶೇಷವಾಗಿ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಸುತ್ತಮುತ್ತ, 1980ರ ದಶಕದಿಂದ ಇದೇ ಕ್ರಮವು ನಡೆಯಿತು.

ಹೀಗೆ ಆಕಾಶದಿಂದ ಸಿಂಪಡಿಸುವುದಕ್ಕೆ ನಿಯಮಗಳಿಲ್ಲದೆ ಇರಲಿಲ್ಲ. ಹೆಲಿಕಾಪ್ಟರು ಮರದ ತುದಿಯಿಂದ ಕೆಲವೇ ಮೀಟರುಗಳಷ್ಟು ಎತ್ತರದಲ್ಲಿ ಹಾರಬೇಕು; ಊರಿನವರಿಗೆ ಮುಂಚಿತವಾಗಿ ತಿಳಿಸಬೇಕು; ನೀರಿನ ಆಕರಗಳನ್ನು ಮುಚ್ಚಬೇಕು. ಕಾಗದದ ಮೇಲೆ ಇವು ನಿರ್ದೋಷವಾದ ಸೂಚನೆಗಳು. ಆದರೆ ಈ ಸೀಮೆಯ ನೀರು ಬಾವಿಯಲ್ಲಿ ಮಾತ್ರ ಇರುವುದಿಲ್ಲ. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗದಿಂದ ತೆಳ್ಳಗೆ ಹರಿದು ಬರುವ ನೀರನ್ನು ಅಡಕೆಯ ದಂಬೆಗಳ ಮೂಲಕ ಅಂಗಳದ ತೊಟ್ಟಿಗೆ ತಂದು ಕುಡಿಯುವ ಮನೆಗಳು ಪಡ್ರೆಯ ಆಸುಪಾಸಿನಲ್ಲಿ ಎಷ್ಟೋ ಉಂಟು. ತೋಡಿಗೆ ಕಟ್ಟ ಕಟ್ಟಿ ಬೇಸಗೆಯ ತನಕ ನೀರು ನಿಲ್ಲಿಸುವ ರೂಢಿಯೂ ಹಳೆಯದು. ಬಾವಿಯ ಬಾಯಿಗೆ ತೆಂಗಿನ ಮಡಲು ಮುಚ್ಚಬಹುದು. ತೋಡಿಗೆ ಮುಚ್ಚುವುದು ಹೇಗೆ? ಸುರಂಗದ ನೀರಿಗೆ ಮುಚ್ಚಳ ಎಲ್ಲಿಯದು? ಮನೆಗಳಿದ್ದುದು ತಗ್ಗಿನಲ್ಲಿ, ತೋಟವಿದ್ದುದು ಗುಡ್ಡದ ಮೇಲೆ. ಮೇಲೆ ಬಿದ್ದುದೆಲ್ಲ ಮಳೆಯೊಂದಿಗೆ ಕೆಳಗೆ ಬರಲೇಬೇಕು. ಔಷಧದ ಸುರಕ್ಷಿತ ಪ್ರಮಾಣವನ್ನು ಪ್ರಯೋಗಾಲಯದಲ್ಲಿ ನಿರ್ಣಯಿಸಿದವರಿಗೆ ಈ ಸಂಗತಿ ಗೊತ್ತಿರಬೇಕಾಗಿರಲಿಲ್ಲ. ಆ ಪ್ರಮಾಣವನ್ನು ಇಲ್ಲಿಗೆ ಅನ್ವಯಿಸಿದವರಿಗೆ ಗೊತ್ತಿರಲೇಬೇಕಾಗಿತ್ತು. ಸಂಶೋಧನೆಯ ಫಲಿತಾಂಶವು ಒಂದು ಊರಿನಿಂದ ಇನ್ನೊಂದು ಊರಿಗೆ ಪ್ರಯಾಣ ಮಾಡುವಾಗ ಮೊದಲು ಕಳೆದುಹೋಗುವುದು ಇಂತಹ ಸ್ಥಳಜ್ಞಾನವೇ ಎಂದು ನಮ್ಮ ಅಭಿಪ್ರಾಯ.

ಏನೋ ಅನಾಹುತವಾಗುತ್ತಿದೆಯೆಂಬ ಮೊದಲ ಸೂಚನೆ ಬಂದುದು ವಿಶ್ವವಿದ್ಯಾನಿಲಯದಿಂದಲೂ ಅಲ್ಲ, ಆರೋಗ್ಯ ಇಲಾಖೆಯಿಂದಲೂ ಅಲ್ಲ, ಕೊಟ್ಟಿಗೆಯಿಂದ. ಪಡ್ರೆಯಲ್ಲಿ ಕಾಲು ಸೊಟ್ಟಗಿರುವ ಕರುಗಳು ಹುಟ್ಟಿದುದನ್ನು ಕೃಷಿಕರೂ ಪತ್ರಿಕಾ ಲೇಖಕರೂ ಆದ ಶ್ರೀಪಡ್ರೆಯವರು 1980ರ ಆಸುಪಾಸಿನಲ್ಲಿಯೇ ಪತ್ರಿಕೆಗಳಲ್ಲಿ ಬರೆದರು. ಅದೇ ದಶಕದಲ್ಲಿ ಆ ಊರಿನಲ್ಲಿ ವೃತ್ತಿಗೆ ತೊಡಗಿದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ಅವರು ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಹುಟ್ಟಿನಿಂದ ಬಂದ ಅಂಗವಿಕಲತೆ ಇವು ಒಂದೇ ತೋಡಿನ ಇಬ್ಬದಿಯ ಮನೆಗಳಲ್ಲಿ ದಟ್ಟವಾಗಿರುವುದನ್ನು ಗಮನಿಸಿದರು. ಈ ಬಗ್ಗೆ ಅಧ್ಯಯನವಾಗಬೇಕೆಂದು ವೈದ್ಯಕೀಯ ಪತ್ರಿಕೆಗೂ ಬರೆದರು. ಒಬ್ಬ ವೈದ್ಯನ ರೋಗಿಗಳ ಪಟ್ಟಿಯು ಶಾಸ್ತ್ರೀಯ ಪ್ರಮಾಣವಲ್ಲವೆಂಬುದು ನಿಜ. ಆದರೆ ಶಾಸ್ತ್ರೀಯ ಅಧ್ಯಯನ ಎಲ್ಲಿ ನಡೆಯಬೇಕೆಂದು ತೋರಿಸುವ ಕೈಕಂಬ ಅದೇ. ಆ ಕೈಕಂಬದತ್ತ ಸರಕಾರದ ದೃಷ್ಟಿ ಹರಿಯುವುದಕ್ಕೆ ಎರಡು ದಶಕಗಳು ಬೇಕಾದುವು. ಅಷ್ಟರಲ್ಲಿ 1998ರಲ್ಲಿ, ಕೃಷಿ ಇಲಾಖೆಯಲ್ಲಿಯೇ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ ಎಂಬವರು ಹೊಸದುರ್ಗದ ಮುನ್ಸೀಫ್ ನ್ಯಾಯಾಲಯಕ್ಕೆ ಹೋಗಿ ಸಿಂಪಡಣೆಗೆ ತಡೆಯಾಜ್ಞೆ ತಂದಿದ್ದರು.

2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ನೀರು, ಮಣ್ಣು, ಜನರ ರಕ್ತ ಮೊದಲಾದುವುಗಳಲ್ಲಿ ಎಂಡೋಸಲ್ಫಾನಿನ ಶೇಷವು ಅಧಿಕವಾಗಿದೆಯೆಂದು ಪ್ರಕಟಿಸಿತು. ತೋಟದ ಕಾರ್ಪೊರೇಶನ್ ಬೇರೊಂದು ಪ್ರಯೋಗಾಲಯದಿಂದ ಪರೀಕ್ಷೆ ಮಾಡಿಸಿತು. ಅದರ ವರದಿ ಇದಕ್ಕೆ ವಿರುದ್ಧವಾಗಿ ಬಂದಿತು. ಪರಸ್ಪರ ವಿರೋಧಿಸುವ ಎರಡು ವರದಿಗಳು ಎದುರಿಗಿದ್ದರೆ ಆಡಳಿತಗಾರನಿಗೆ ಏನೂ ಮಾಡದಿರಲು ಅನುಕೂಲವೇ ಆಗುತ್ತದೆ.

ಈ ಗೊಂದಲದ ನಡುವೆ ನಡೆದ ಗಂಭೀರ ಅಧ್ಯಯನವೆಂದರೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯದು. 2003ರಲ್ಲಿ ಪ್ರಕಟವಾದ ಅದರ ಒಂದು ಭಾಗವನ್ನು ವಿದ್ಯಾರ್ಥಿಗಳು ಗಮನವಿಟ್ಟು ನೋಡುವುದು ಒಳ್ಳೆಯದು. ಗೇರುಗುಡ್ಡದ ತಪ್ಪಲಿನ ಊರಿನಿಂದ 10ರಿಂದ 19 ವಯಸ್ಸಿನ 117 ಶಾಲಾಬಾಲಕರನ್ನೂ, ಸುಮಾರು 20 ಕಿಲೋಮೀಟರ್ ದೂರದ, ಆಕಾಶದಿಂದ ಸಿಂಪಡಣೆಯಾಗದ ಊರಿನಿಂದ ಅದೇ ವಯಸ್ಸಿನ 90 ಬಾಲಕರನ್ನೂ ಆರಿಸಿ ಹೋಲಿಸಲಾಯಿತು. ಮೊದಲ ಊರಿನ ಬಾಲಕರಲ್ಲಿ ಶೇಕಡಾ 78ರಷ್ಟು ಮಂದಿಯ ರಕ್ತದಲ್ಲಿ ಎಂಡೋಸಲ್ಫಾನ್ ಕಂಡುಬಂದಿತು. ಎರಡನೆಯ ಊರಿನಲ್ಲಿ ಶೇಕಡಾ 29ರಷ್ಟು ಮಂದಿಯಲ್ಲಿ. ಸಿಂಪಡಣೆ ನಿಂತು ತಿಂಗಳುಗಳೇ ಕಳೆದಿದ್ದರೂ ಹೀಗಿದ್ದಿತು. ಮೊದಲ ಊರಿನ ಬಾಲಕರಲ್ಲಿ ಪ್ರಾಯಕ್ಕೆ ಬರುವ ಲಕ್ಷಣಗಳು ತಡವಾಗಿದ್ದುವು. ಪುರುಷ ಹಾರ್ಮೋನಿನ ಪ್ರಮಾಣವು ಕುಗ್ಗಿದ್ದಿತು.

ಈ ಅಧ್ಯಯನವು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಬೇರ್ಪಡಿಸಬೇಕು. ಔಷಧವು ಗುಡ್ಡದ ಮೇಲಿನಿಂದ ತಗ್ಗಿನ ಮಕ್ಕಳ ರಕ್ತಕ್ಕೆ ಇಳಿದಿದೆ, ಅದರೊಡನೆ ದೇಹಕ್ರಿಯೆಯ ಒಂದು ವ್ಯತ್ಯಾಸವೂ ಜೊತೆಗೂಡಿದೆ ಎಂದು ಅದು ತೋರಿಸಿತು. ನಿಯಂತ್ರಣದ ಊರಿನಲ್ಲಿಯೂ ಶೇಕಡಾ 29 ಕಂಡುಬಂದುದು ಔಷಧಕ್ಕೆ ಬೇರೆ ದಾರಿಗಳೂ ಇದ್ದುವೆಂಬುದರ ಸೂಚನೆ. ಆದರೆ ಹಾಸಿಗೆ ಬಿಟ್ಟು ಏಳಲಾರದ ಮಗುವಿನ ಸ್ಥಿತಿಗೆ ಎಂಡೋಸಲ್ಫಾನೇ ಕಾರಣವೇ ಎಂಬ ಪ್ರಶ್ನೆಯನ್ನು ಈ ಅಧ್ಯಯನ ಕೇಳಿಯೂ ಇರಲಿಲ್ಲ, ಉತ್ತರವನ್ನೂ ಕೊಡಲಿಲ್ಲ. ಜನರು ಕೇಳುತ್ತಿದ್ದ ಪ್ರಶ್ನೆಯಾದರೋ ಅದೊಂದೇ. ಕೇಂದ್ರ ಸರಕಾರ ನೇಮಿಸಿದ ಸಮಿತಿಗಳು 2003 ಮತ್ತು 2004ರಲ್ಲಿ ಔಷಧಕ್ಕೂ ರೋಗಗಳಿಗೂ ಸಂಬಂಧವು ಸ್ಥಾಪಿತವಾಗಿಲ್ಲವೆಂದುವು. ಕಾಸರಗೋಡಿನ ಅಧ್ಯಯನಗಳ ವಿಧಾನದಲ್ಲಿ ದೋಷಗಳಿವೆಯೆಂದು 2013ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಇಬ್ಬರು ಕೃಷಿವಿಜ್ಞಾನಿಗಳು ವಾದಿಸಿದರು. ಈ ಟೀಕೆಗಳನ್ನೆಲ್ಲ ದುರುದ್ದೇಶವೆಂದು ತಳ್ಳಿಬಿಡುವುದು ವಿದ್ವತ್ತಿಗೆ ಒಪ್ಪುವ ಮಾತಲ್ಲ. ಸಿಂಪಡಣೆಗೆ ಮುಂಚೆ ಈ ಊರುಗಳಲ್ಲಿ ಅಂಗವಿಕಲ ಶಿಶುಗಳ ಜನನ ಎಷ್ಟಿತ್ತೆಂಬ ಲೆಕ್ಕವನ್ನು ಯಾರೂ ಇಟ್ಟಿರಲಿಲ್ಲ. ಯಾವ ಮನೆಗೆ ಎಷ್ಟು ಔಷಧ ತಲಪಿತೆಂಬುದನ್ನೂ ಯಾರೂ ಅಳೆದಿರಲಿಲ್ಲ. ಅಳತೆಯಿಲ್ಲದೆ ತುಲನೆ ಕಷ್ಟ.

ಹಾಗಾದರೆ ನಿಷೇಧವು ಅಶಾಸ್ತ್ರೀಯವೇ? ಅಲ್ಲವೆಂದು ನಾವು ತಿಳಿಯುತ್ತೇವೆ. ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಅವರು 1965ರಲ್ಲಿ ಮಾಡಿದ ಭಾಷಣವೊಂದು ಕಾರಣನಿರ್ಣಯದ ಒಂಬತ್ತು ಒರೆಗಲ್ಲುಗಳಿಗಾಗಿ ಪ್ರಸಿದ್ಧವಾಗಿದೆ. ನಮ್ಮ ತರಗತಿಗಳಲ್ಲಿ ಆ ಒಂಬತ್ತನ್ನು ಬಾಯಿಪಾಠ ಮಾಡಿಸುವುದೂ ಉಂಟು. ಆದರೆ ಭಾಷಣದ ಕೊನೆಯ ಭಾಗವನ್ನು ಓದುವವರು ಕಡಮೆ. ಗರ್ಭಿಣಿಯರ ವಾಂತಿಗೆ ಕೊಡುವ ಔಷಧವನ್ನು ನಿಲ್ಲಿಸಲು ಅಲ್ಪ ಸಾಕ್ಷ್ಯ ಸಾಕು, ಏಕೆಂದರೆ ನಿರ್ಧಾರವು ತಪ್ಪಾದರೂ ಹಾನಿ ಹೆಚ್ಚಲ್ಲ. ಕಾರಖಾನೆಯ ಎಣ್ಣೆಯೊಂದು ಕ್ಯಾನ್ಸರಿಗೆ ಕಾರಣವೆಂದು ಅದನ್ನು ಬದಲಿಸಲು ಸಾಕಷ್ಟು ಸಾಕ್ಷ್ಯ ಬೇಕು. ಜನರು ಇಷ್ಟಪಡುವ ಆಹಾರವಿಹಾರಗಳನ್ನೇ ಬಿಡಿಸಬೇಕಾದರೆ ಬಹು ಬಲವಾದ ಸಾಕ್ಷ್ಯ ಬೇಕು ಎಂಬ ಅರ್ಥದ ಮಾತನ್ನು ಅವರು ಅಲ್ಲಿ ಹೇಳಿದ್ದಾರೆ. ಈ ತಕ್ಕಡಿಯಲ್ಲಿ ನಮ್ಮ ಪ್ರಕರಣವನ್ನು ತೂಗಿ ನೋಡಬಹುದು. ಒಂದು ಕಡೆ ಗೇರಿನ ಫಸಲಿನ ಒಂದಂಶ, ಅದಕ್ಕೂ ಬೇರೆ ಉಪಾಯಗಳು ಇಲ್ಲದೆ ಇಲ್ಲ. ಇನ್ನೊಂದು ಕಡೆ ಕುಡಿಯುವ ನೀರು ಮತ್ತು ಮಕ್ಕಳ ರಕ್ತ. ಸಿಂಪಡಣೆಯನ್ನು ನಿಲ್ಲಿಸಲು 2003ರ ಆ ಒಂದು ಅಧ್ಯಯನವೇ ಧಾರಾಳವಾಗಿ ಸಾಕಾಗಿತ್ತು. ಬಹುಶಃ ಪಡ್ರೆಯ ಕರುಗಳೂ ಸಾಕಾಗಿದ್ದುವು.

ಆದರೆ ನೀತಿಗೆ ಸಾಕ್ಷ್ಯದ ಜೊತೆಗೆ ಕಾನೂನಿನ ಕೈಯೂ ಬೇಕು. 1968ರ ಕೀಟನಾಶಕ ಅಧಿನಿಯಮದ 27ನೆಯ ಕಲಮಿನಂತೆ ರಾಜ್ಯವೊಂದು ತಾನಾಗಿ ಒಂದು ಕೀಟನಾಶಕವನ್ನು 60 ದಿನಗಳ ತನಕ ಮಾತ್ರ ತಡೆಹಿಡಿಯಬಹುದು, ಬಳಿಕ ಇನ್ನು ಸ್ವಲ್ಪ ಕಾಲ ವಿಸ್ತರಿಸಬಹುದು. ಶಾಶ್ವತ ನಿಷೇಧವು ಕೇಂದ್ರದ ಅಧಿಕಾರ. ಕೇರಳದಲ್ಲಿ 2001ರಿಂದಲೇ ನಿರ್ಬಂಧಗಳು ಬಂದುವು. ಕರ್ನಾಟಕವು 2011ರ ಫೆಬ್ರವರಿಯಲ್ಲಿ ನಿಷೇಧವನ್ನು ಘೋಷಿಸಿತು. ಆ ಹತ್ತು ವರ್ಷಗಳ ಕಾಲ, ಒಂದೇ ಗುಡ್ಡಸಾಲಿನ ಒಂದು ಮಗ್ಗುಲಲ್ಲಿ ವಿಷವೆಂದು ಕರೆಸಿಕೊಂಡುದು ಇನ್ನೊಂದು ಮಗ್ಗುಲಲ್ಲಿ ಅಂಗಡಿಯಲ್ಲಿ ಮಾರಾಟದ ಸರಕಾಗಿಯೇ ಇದ್ದಿತು. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸೇರಿದ ಸ್ಟಾಕ್‌ಹೋಮ್ ಒಡಂಬಡಿಕೆಯ ರಾಷ್ಟ್ರಗಳು, ಕೆಲವು ವಿನಾಯಿತಿಗಳೊಂದಿಗೆ, ಎಂಡೋಸಲ್ಫಾನನ್ನು ನಿರ್ಮೂಲನದ ಪಟ್ಟಿಗೆ ಸೇರಿಸಿದುವು. ಅದೇ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಅದರ ಉತ್ಪಾದನೆ, ಮಾರಾಟ, ಬಳಕೆಗಳನ್ನು ತಡೆಯಿತು.

ಕಾರಣವು ಸಂದೇಹಕ್ಕೆಡೆಯಿಲ್ಲದಂತೆ ಸಿದ್ಧವಾಗಿಬಿಟ್ಟಿದ್ದರೆ ಎಲ್ಲವೂ ಸುಗಮವಾಗುತ್ತಿತ್ತೆಂದು ಭಾವಿಸುವವರು ಇದೇ ಊರುಗಳ ಇನ್ನೊಂದು ಪ್ರಕರಣವನ್ನು ನೋಡಬೇಕು. 1982–83ರಲ್ಲಿ ನಿಡ್ಲೆ–ಪಟ್ರಮೆಗಳ ಕಡೆ ಗೇರುತೋಟಕ್ಕಾಗಿ ಕಾಡನ್ನು ಕಡಿದ ಸಂದರ್ಭದಲ್ಲಿ ಮಂಗನ ಕಾಯಿಲೆಯು ಭೀಕರವಾಗಿ ಹಬ್ಬಿ ಸಾವಿರಕ್ಕೂ ಮಿಕ್ಕಿದ ಜನ ಹಾಸಿಗೆ ಹಿಡಿದರು. ನೂರಕ್ಕೂ ಮಿಕ್ಕಿ ಜನ ಸತ್ತರು. ಇಲ್ಲಿ ಕಾರಣದ ಬಗ್ಗೆ ಯಾವ ವಿವಾದವೂ ಇರಲಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಅದೇ ವರ್ಷ ವೈರಸ್ಸನ್ನು ಬೇರ್ಪಡಿಸಿದ್ದರು. ಕಾಡಿನ ಉಣ್ಣೆಯಿಂದ ಅದು ಹರಡುವ ಬಗೆಯೂ ಬೇಗನೆ ತಿಳಿದಿತ್ತು. ಮುಂದೆ ಲಸಿಕೆಯೂ ಸಿದ್ಧವಾಯಿತು. 1990–92ರ ಪ್ರಯೋಗದಲ್ಲಿ ಎರಡು ಸಲ ಚುಚ್ಚಿಸಿಕೊಂಡವರಿಗೆ ಶೇಕಡಾ 93.5ರಷ್ಟು ರಕ್ಷಣೆ ದೊರೆಯಿತೆಂದು ವರದಿಯಾಯಿತು. ಆದರೆ 2005ರಿಂದ 2010ರ ವರೆಗಿನ ಶಿವಮೊಗ್ಗ ಜಿಲ್ಲೆಯ ದಾಖಲೆಗಳನ್ನು ಪರಿಶೀಲಿಸಿದಾಗ ಎರಡು ಸಲದ ರಕ್ಷಣೆ ಶೇಕಡಾ 62.4 ಮಾತ್ರವೆಂದೂ, ಬಲವರ್ಧಕ ಚುಚ್ಚುಮದ್ದು ಪಡೆದವರಲ್ಲಿ ಶೇಕಡಾ 82.9 ಎಂದೂ ಕಂಡುಬಂದಿತು. ಒಂದು ತಿಂಗಳ ಅಂತರದಲ್ಲಿ ಎರಡು, ಆರರಿಂದ ಒಂಬತ್ತು ತಿಂಗಳೊಳಗೆ ಮತ್ತೊಂದು, ಆಮೇಲೆ ಐದು ವರ್ಷ ಪ್ರತಿವರ್ಷವೂ ಒಂದು ಎಂಬ ಕ್ರಮವನ್ನು, ಅದೂ ನೋವಿನ ಚುಚ್ಚುಮದ್ದನ್ನು, ಸೊಪ್ಪು ಸೌದೆಗೆ ಕಾಡಿಗೆ ಹೋಗುವ ಕೂಲಿಕಾರರು ಪೂರೈಸುವರೆಂದು ನಂಬಿದುದೇ ಸಾಹಸ. ಆ ಹಳೆಯ ಲಸಿಕೆಯ ಬಳಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ಕಾರಣವು ನಿಶ್ಚಿತವಾಗಿದ್ದರೂ ನೀತಿ ಸೋತ ಉದಾಹರಣೆ ಇದು.

ಮತ್ತೆ ಎಂಡೋಸಲ್ಫಾನಿಗೆ ಬರೋಣ. ನಿಷೇಧದೊಂದಿಗೆ ಮುಂದಿನ ಹಾನಿಗೆ ತಡೆಯಾಯಿತು. ಆಗಿಹೋದ ಹಾನಿಗೆ ಪರಿಹಾರದ ಪ್ರಶ್ನೆ ಉಳಿಯಿತು. 2017ರ ಜನವರಿ 10ರಂದು ಸರ್ವೋಚ್ಚ ನ್ಯಾಯಾಲಯವು ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಆದೇಶಿಸಿತು. ದಕ್ಷಿಣ ಕನ್ನಡದಲ್ಲಿ ಆರೋಗ್ಯ ಇಲಾಖೆಯು ಸಮೀಕ್ಷೆ ನಡೆಸಿ ಸಂತ್ರಸ್ತರನ್ನು ಗುರುತಿಸಿತು. ಅಂಗವೈಕಲ್ಯದ ಪ್ರಮಾಣಕ್ಕೆ ತಕ್ಕಂತೆ ಮಾಸಾಶನವು ಗೊತ್ತಾಯಿತು. ಕೊಕ್ಕಡದಲ್ಲಿಯೂ ಕೊಯ್ಲದಲ್ಲಿಯೂ ಹಗಲು ಪಾಲನೆಯ ಕೇಂದ್ರಗಳು ತೆರೆದುವು. ಹಗಲಿಡೀ ಮಗುವಿನ ಪಕ್ಕದಿಂದ ಏಳಲಾರದ ತಾಯಿಗೆ ಇಂತಹ ಕೇಂದ್ರವು ಎಷ್ಟು ದೊಡ್ಡ ಆಸರೆಯೆಂಬುದನ್ನು ವಿವರಿಸಬೇಕಾಗಿಲ್ಲ.

ಆದರೆ ಇಲ್ಲಿ ವೈದ್ಯರ ಮೇಲೆ ವಿಜ್ಞಾನವು ಹೊರಲಾರದ ಒಂದು ಭಾರ ಬಿದ್ದಿದೆ. ಸಂತ್ರಸ್ತನೆಂಬ ಪ್ರಮಾಣಪತ್ರವು ಒಬ್ಬ ವ್ಯಕ್ತಿಯನ್ನು ಕುರಿತುದು. ಜನಸಮುದಾಯದ ರೋಗವಿಜ್ಞಾನವಾದರೋ ಸಮೂಹಗಳನ್ನು ಕುರಿತು ಮಾತ್ರ ಮಾತನಾಡಬಲ್ಲುದು. ಸಿಂಪಡಣೆಯಾದ ಊರಿನಲ್ಲಿ ಇಂತಹ ಮಕ್ಕಳು ಹೆಚ್ಚೆಂದು ಅದು ಹೇಳಬಹುದು. ಇವರಲ್ಲಿ ಈ ಮಗುವಿಗೆ ಔಷಧದಿಂದಲೇ ಹೀಗಾಯಿತೆಂದು ಹೇಳುವ ಸಾಧನ ಅದರಲ್ಲಿಲ್ಲ. ಊಹೆಗಾಗಿ ಎರಡು ಮನೆಗಳನ್ನು ತೆಗೆದುಕೊಳ್ಳೋಣ: ಗೇರುತೋಟದ ಕೆಳಗಿನ ಗ್ರಾಮದಲ್ಲೊಂದು, ಪಟ್ಟಿಗೆ ದೂರದ ಗ್ರಾಮದಲ್ಲೊಂದು. ಎರಡರಲ್ಲಿಯೂ ಒಂದೇ ಬಗೆಯ ಸೆಳವಿನ ರೋಗದ, ನಡೆಯಲಾರದ ಮಗು. ಒಂದರ ತಾಯಿಗೆ ಪ್ರಮಾಣಪತ್ರ, ಮಾಸಾಶನ, ಪಾಲನಾಕೇಂದ್ರ. ಇನ್ನೊಂದರ ತಾಯಿಗೆ ಸಾಮಾನ್ಯ ಅಂಗವಿಕಲರಿಗೆ ದೊರೆಯುವಷ್ಟೇ. ಎರಡನೆಯವಳು ತನ್ನ ಮಗುವನ್ನೂ ಪಟ್ಟಿಗೆ ಸೇರಿಸಬೇಕೆಂದು ಅಲೆದರೆ ಆಶ್ಚರ್ಯವಿಲ್ಲ. ಆಗ ಪಟ್ಟಿ ಬೆಳೆಯುತ್ತದೆ, ಬೆಳೆದ ಪಟ್ಟಿಯನ್ನು ತೋರಿಸಿ ಇಡೀ ಪ್ರಕರಣವೇ ಕಲ್ಪಿತವೆಂದು ಟೀಕಾಕಾರರು ಹೇಳುತ್ತಾರೆ. ನಷ್ಟಪರಿಹಾರಕ್ಕೆ ಕಾರಣದ ವಿಚಾರಣೆ ಬೇಕು. ಔಷಧ ಸುರಿದವರು ತೆರಬೇಕಾದ ಋಣವದು. ಆದರೆ ಪಾಲನೆ, ಅಂಗಮರ್ದನ ಚಿಕಿತ್ಸೆ, ಮಾಸಾಶನ ಇವಕ್ಕೆ ಮಗುವಿನ ಅವಶ್ಯಕತೆಯೇ ಸಾಕಷ್ಟು ಪ್ರಮಾಣವೆಂದು ನಮ್ಮ ಮತ. ಇವೆರಡನ್ನು ಒಂದೇ ಕಾಗದಕ್ಕೆ ಕಟ್ಟಿಹಾಕಿದುದರಿಂದ ವಿಜ್ಞಾನಕ್ಕೂ ನ್ಯಾಯವಾಗಲಿಲ್ಲ, ತಾಯಂದಿರಿಗೂ ಆಗಲಿಲ್ಲ.

ಇನ್ನು ಅಳತೆಯ ಮಾತು. ಕಾರಣದ ವಿವಾದವು ಇಷ್ಟು ದೀರ್ಘವಾಗಲು ಜನನದೋಷಗಳ ದಫ್ತರವೂ ಸಿಂಪಡಣೆಯ ದಫ್ತರವೂ ಜೊತೆಗೂಡಿ ಇರದಿದ್ದುದೇ ಮುಖ್ಯ ಹೇತು. ಈಗ ಆಕಾಶದಿಂದ ಸಿಂಪಡಿಸುವ ಕ್ರಮವು ಬೇರೊಂದು ರೂಪದಲ್ಲಿ ಮರಳಿ ಬರುತ್ತಿದೆ. ಅಡಕೆಯ ಮರ ಹತ್ತುವ ಆಳುಗಳು ಸಿಗದೆ ಕೊಳೆರೋಗದ ಮದ್ದನ್ನು ಡ್ರೋನಿನಿಂದ ಸಿಂಪಡಿಸುವ ಪ್ರಯತ್ನಗಳು ನಡೆದಿವೆ. ಡ್ರೋನಿನ ಸಿಂಪಡಣೆಗೆ ಕೇಂದ್ರದ ಕೃಷಿ ಸಚಿವಾಲಯವು 2021ರ ಡಿಸೆಂಬರಿನಲ್ಲಿ ಕಾರ್ಯವಿಧಾನವನ್ನು ಪ್ರಕಟಿಸಿದೆ. ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣವು ಎಂಡೋಸಲ್ಫಾನ್ ಅಲ್ಲ, ಎರಡನ್ನೂ ಸಮೀಕರಿಸುವುದು ತಪ್ಪು. ಆದರೆ ಯಾವ ದಿನ, ಯಾವ ತೋಟಕ್ಕೆ, ಯಾವ ಮದ್ದು, ಎಷ್ಟು ಲೀಟರು, ಗಾಳಿ ಯಾವ ಕಡೆಗೆ ಎಂಬ ಐದು ಅಂಕಣಗಳ ಒಂದು ಪುಸ್ತಕವನ್ನು ಗ್ರಾಮ ಪಂಚಾಯತಿಯಲ್ಲಿ ಇಡುವುದಕ್ಕೆ ದೊಡ್ಡ ವೆಚ್ಚವೇನೂ ಇಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಹೆರಿಗೆಯ ದಫ್ತರದಲ್ಲಿ ಶಿಶುವಿನ ಜನ್ಮದೋಷಕ್ಕೆ ಒಂದು ಅಂಕಣವನ್ನು ತಪ್ಪದೆ ತುಂಬಿದರೆ, ಆ ಎರಡು ಪುಸ್ತಕಗಳನ್ನು ಎದುರುಬದುರು ಇಟ್ಟು ಓದುವ ಕೆಲಸವನ್ನು ಪುತ್ತೂರು ಅಥವಾ ಸುಳ್ಯದ ಯಾವ ಕಾಲೇಜಿನ ಸಂಖ್ಯಾಶಾಸ್ತ್ರದ ತರಗತಿಯಾದರೂ ವರ್ಷಕ್ಕೊಮ್ಮೆ ಮಾಡಬಹುದು.